ಸಂಚಕಾರ ಕೊಡುವ ಮುನ್ನ

“ಅಜ್ಜಾ, ಸಂಚಕಾರ ಅಂದ್ರ ಜೀವಕ್ಕ ಬರೋದಲ್ಲೇನು? ಅಕ್ಕ ಅದನ್ನ ಯಾಕ ಕೊಡಾಕ ಹೊಂಟಾಳ?”

ಏಳನೇ ಇಯತ್ತೆಯ ಮೊಮ್ಮಗನ ಪ್ರಶ್ನೆ. ಅವನ ಅಕ್ಕ ನೌಕರಿ ಸೇರಿ ನಾಲ್ಕು ವರ್ಷವಾಯಿತು. ಮನೆ ಕಟ್ಟಲು ಗದಗಿನಲ್ಲಿ ಜಾಗ ನೋಡಿದ್ದಾಳೆ. ಜಾಗ ಕೊಳ್ಳುವಾಗ ಮುಂಗಡವಾಗಿ ಕೊಡುವ ಹಣಕ್ಕೂ ನಮ್ಮ ಕಡೆ ಸಂಚಕಾರವೆಂದೇ ಹೆಸರು. ಒಂದೇ ಶಬ್ದಕ್ಕೆ ಎರಡು ಅರ್ಥ ಹೇಗೆ ಬಂತೋ ಪಂಡಿತರೇ ಹೇಳಬೇಕು. ನನಗಂತೂ 1984ರಲ್ಲಿ ಎರಡೂ ಒಟ್ಟಿಗೇ ತಿಳಿದವು.

ಆಗ ನಾವು ಬೆಟಗೇರಿಯಲ್ಲಿ ಬಾಡಿಗೆಗಿದ್ದೆವು. ಐದು ವರ್ಷದಲ್ಲಿ ಮೂರು ಮನೆ. ಮನೆ ಬದಲಿಸುವಾಗೆಲ್ಲ ನೀರಿನ ಹಂಡೆ, ಕೊಡ, ಡ್ರಮ್ಮುಗಳೇ ಒಂದು ಚಕ್ಕಡಿ ಆಗುತ್ತಿದ್ದವು. ನಳ ಎಷ್ಟು ದಿನಕ್ಕೊಮ್ಮೆ ಬರುತ್ತದೆಂದು ಕೇಳದೆ ಈ ಊರಲ್ಲಿ ಯಾರೂ ಬಾಡಿಗೆ ಮಾತಾಡುವುದಿಲ್ಲ.

ಪರಿಚಯದವರೊಬ್ಬರು ತಮ್ಮ ಪ್ಲಾಟು ತೋರಿಸಿದರು. 12,000 ರೂಪಾಯಿಗೆ ಮಾತಾಯಿತು. ಹೆಂಡತಿಯ ಬಿಲ್ವಾರ ಒತ್ತೆಯಿಟ್ಟು 2,000 ಸಂಚಕಾರ ಕೊಟ್ಟೆ. ದಿನಾ ಬ್ಯಾಂಕಿನಲ್ಲಿ ಮಂದಿಯ ಸಾಲದ ಕಾಗದ ತಿರುವಿ ಹಾಕುತ್ತಿದ್ದವನು ನಾನು. ಪರಿಚಯದವರ ಕಾಗದ ಕೇಳಲು ಮಾತ್ರ ಸಂಕೋಚಪಟ್ಟೆ.

ಆಮೇಲೆ ಸಿಟಿ ಸರ್ವೆ ಉತಾರ ತೆಗೆಸಿದರೆ ಅದರಲ್ಲಿ ತೀರಿಹೋದ ತಂದೆಯ ಹೆಸರೇ ಇತ್ತು. “ಎಲ್ಲಾರೂ ಒಪ್ಯಾರ” ಎಂದಿದ್ದರು. ಮುಂಡರಗಿಯಲ್ಲಿ ಅವರ ತಂಗಿ ಇದ್ದಾರೆಂದು ತಿಳಿದು ಬಸ್ಸು ಹತ್ತಿದೆ. ವಿಧವೆ, ಹೊಲಿಗೆ ಹಾಕಿ ಮಕ್ಕಳನ್ನು ಸಾಕುತ್ತಿದ್ದರು. ಚಹಾ ಕೊಟ್ಟು, “ಅಪ್ಪನ ಜಾಗ ಮಾರಾಕತ್ತಾರಂತ ನನಗ ಇವತ್ತ ಗೊತ್ತಾತ್ರಿ” ಎಂದು ಕಣ್ಣೊರೆಸಿಕೊಂಡರು. ಸಹಿ ಮಾಡಲಿಲ್ಲ. ನಾನೂ ಎರಡನೆಯ ಸಲ ಕೇಳಲಿಲ್ಲ.

ಸಂಚಕಾರದ ಹಣ ಕಂತುಕಂತಾಗಿ ಬಂತು. ಕೊನೆಯ 300 ಬರಲೇ ಇಲ್ಲ. ಬಿಲ್ವಾರ ಬಿಡಿಸಿಕೊಳ್ಳಲು ಎರಡು ದೀಪಾವಳಿ ಕಳೆದವು. ಸ್ವಂತ ಮನೆಗೆ ಇನ್ನೂ ಏಳು ವರ್ಷ ಹಿಡಿಯಿತು.

ಈಗ ಕಾಗದ ನೋಡುವುದು ಸುಲಭ. ಋಣಭಾರ ಪತ್ರ ಕಾವೇರಿ ತಂತ್ರಾಂಶದಲ್ಲೇ ಸಿಗುತ್ತದೆ, ಪಂಚಾಯ್ತಿ ಹದ್ದಿನ ಜಾಗಕ್ಕೆ ಇ-ಸ್ವತ್ತು ಇದೆ. ಹೊಲವಿದ್ದ ಜಾಗವಾದರೆ ಎನ್‌ಎ ಆದೇಶವನ್ನೂ ನೋಡಬೇಕು. ಆದರೆ ಋಣಭಾರ ಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮುಂಡರಗಿಯ ತಂಗಿ ಅದರಲ್ಲಿ ಕಾಣುವುದಿಲ್ಲ. ಅವರು ಕಾಣಬೇಕಾದರೆ ವಂಶಾವಳಿ ಬೇಕು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ತಿದ್ದುಪಡಿ ಆದ ಮೇಲಂತೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು.

ಇದನ್ನೆಲ್ಲ ಮೊಮ್ಮಗಳಿಗೆ ಫೋನಿನಲ್ಲಿ ಹೇಳಿದೆ. “ಮಾರೋರು ಬ್ಯಾಸರ ಮಾಡ್ಕೋತಾರಜ್ಜಾ” ಎಂದಳು. ಮಾಡಿಕೊಳ್ಳಲಿ ಎಂದೆ.

ನಿನ್ನೆ ವಂಶಾವಳಿ ಕಳಿಸಿದ್ದಾಳೆ. ಮಾರುವವರಿಗೆ ಇಬ್ಬರು ಅಕ್ಕಂದಿರು: ಒಬ್ಬರು ಲಕ್ಷ್ಮೇಶ್ವರದಲ್ಲಿ, ಇನ್ನೊಬ್ಬರು ಶಿರಹಟ್ಟಿಯಲ್ಲಿ. ರವಿವಾರ ಮುಂಜಾನೆಯ ಬಸ್ಸಿಗೆ ಹೊರಟಿದ್ದೇವೆ. ಮೊಮ್ಮಗನೂ ಬರುತ್ತಾನಂತೆ.