ಜಾಝ್ ಗಿಟಾರ್: ಎರಡು ತಂತಿಯಿಂದ ಶುರು ಮಾಡುವ

ಉಚ್ಚಿಲದಿಂದ ಮಾತಾಡ್ತಾ ಇದ್ದೇನೆ. ನಾನು ಬಿಕಾಂ ಓದಿದವ, ಗಿಟಾರ್ ಕಲಿತದ್ದು ಮೊಬೈಲ್ ನೋಡಿ. ಎರಡು ವರ್ಷ ಬರೀ ಸ್ಪೀಡ್ ಪ್ರಾಕ್ಟೀಸ್. ಮಣಿಪಾಲದಲ್ಲಿ ಮೊದಲ ಸಲ ನಾಲ್ಕು ಜನರ ಜೊತೆ ನುಡಿಸಲಿಕ್ಕೆ ಕೂತಾಗ ಕೈಯೇ ಓಡಲಿಲ್ಲ ಮಾರಾಯ್ರೆ. ಬೇರೆಯವರನ್ನು ಕೇಳಿ ಅಭ್ಯಾಸವೇ ಇರಲಿಲ್ಲ.

ತಾಳಮದ್ದಳೆ ನೆನಪು ಮಾಡಿಕೊಳ್ಳಿ. ಪದ್ಯ ಮೊದಲೇ ಉಂಟು, ಅರ್ಥ ಅಲ್ಲೇ ಹುಟ್ಟಬೇಕು. ಎದುರಿನವರ ಮಾತು ಕೇಳದಿದ್ದರೆ ಉತ್ತರ ಎಲ್ಲಿಂದ ಬರ್ತದೆ? ಜಾಝ್ ಕೂಡ ಹಾಗೆಯೇ. ಮೊದಲು ಹಾಡಿನ ಧಾಟಿ, ಆಮೇಲೆ ಅದೇ ಕಾರ್ಡ್‌ಗಳ ಮೇಲೆ ಒಬ್ಬೊಬ್ಬರ ಮನೋಧರ್ಮ. ಬೇರೆಯವರ ಸರದಿಯಲ್ಲಿ ಗಿಟಾರಿನದ್ದು ಹಿಮ್ಮೇಳದ ಕೆಲಸ.

ಶುರುವಿಗೆ ಮೂರು ಕಾರ್ಡ್ ಸಾಕು: ಡಿ ಮೈನರ್ ಸೆವೆನ್, ಜಿ ಸೆವೆನ್, ಸಿ ಮೇಜರ್ ಸೆವೆನ್. ತೆಳು ತಂತಿಯಿಂದ ಎಣಿಸಿ, ಮೂರನೇ ಮತ್ತು ನಾಲ್ಕನೇ ತಂತಿ ಮಾತ್ರ ಹಿಡಿಯಿರಿ. ಮೊದಲ ಕಾರ್ಡಿಗೆ ನಾಲ್ಕನೇ ತಂತಿಯ 3ನೇ ಫ್ರೆಟ್, ಮೂರನೇ ತಂತಿಯ 5ನೇ ಫ್ರೆಟ್. ಎರಡನೆಯದಕ್ಕೆ ಮೂರನೇ ತಂತಿಯಲ್ಲಿ 5ರಿಂದ 4ಕ್ಕೆ ಬನ್ನಿ. ಮೂರನೆಯದಕ್ಕೆ ನಾಲ್ಕನೇ ತಂತಿಯಲ್ಲಿ 3ರಿಂದ 2ಕ್ಕೆ. ಪ್ರತಿ ಸಲ ಬದಲಾಗುವುದು ಒಂದೇ ಸ್ವರ! ಸಿ ಷಡ್ಜ ಅಂತ ಇಟ್ಕೊಂಡರೆ ಮ-ಸ, ಮ-ನಿ, ಗ-ನಿ. ಬೇಸ್ ಸ್ವರ ಆಮೇಲೆ ಸೇರಿಸಿದರಾಯ್ತು.

ಬಾಡಿಗೆ ಮನೆಯಾ? ಅಮೆರಿಕದ ವೆಸ್ ಮಾಂಟ್‌ಗೊಮರಿ ಅಕ್ಕಪಕ್ಕದವರಿಗೆ ತೊಂದರೆ ಬೇಡ ಅಂತ ಪಿಕ್ ಬಿಟ್ಟು ಹೆಬ್ಬೆರಳಲ್ಲಿ ನುಡಿಸಿದವರು. ಆ ಮೆತ್ತನೆ ನಾದವೇ ಅವರ ಗುರುತಾಯಿತು. 1960ರ ಆಲ್ಬಂ ‘ದಿ ಇನ್‌ಕ್ರೆಡಿಬಲ್ ಜಾಝ್ ಗಿಟಾರ್’ ಇಯರ್‌ಫೋನ್ ಹಾಕಿ ಕೇಳಿ. ಗಿಟಾರ್ ಜೊತೆಗೆ ಹಿಂದಿರುವ ಟಾಮಿ ಫ್ಲಾನಗನ್ ಪಿಯಾನೊ ಎಲ್ಲಿ ಸುಮ್ಮನಾಗ್ತದೆ ಅಂತಲೂ ಗಮನಿಸಿ.

ಈ ವಾರ ಒಬ್ಬ ಗೆಳೆಯನಿಗೆ ಹಾಡಲಿಕ್ಕೆ ಹೇಳಿ, ನೀವು ಹಿಮ್ಮೇಳಕ್ಕೆ ಕೂತ್ಕೊಳ್ಳಿ. ಸಿಗುವ!