ದೊಡ್ಡ ನಾಯಿಗೆ ಉಣ್ಣೆ, ಚಿಗಟ, ಸೊಳ್ಳೆಗಳಿಂದ ರಕ್ಷಣೆ

ಮುಂಬಯಿ, ಪುಣೆ, ಹೈದರಾಬಾದುಗಳಂಥ ಊರುಗಳಲ್ಲಿ ನೆಲೆಸಿದ ನಮ್ಮವರಲ್ಲಿ ಕೆಲವರು ಈಗ ಮೂರನೆಯ, ನಾಲ್ಕನೆಯ ಮಹಡಿಯ ಮನೆಗಳಲ್ಲಿಯೂ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಂಥ ದೊಡ್ಡ ನಾಯಿಗಳನ್ನು ಸಾಕಿಕೊಂಡಿದ್ದಾರೆ. ಊರ ಕಡೆ ನಾಯಿಯ ಜಾಗ ಅಂಗಳ, ಇಲ್ಲವೆ ಜಗಲಿಯ ಮೂಲೆ. ಇಲ್ಲಿ ಅದು ಮಕ್ಕಳ ಮಂಚದ ಕೆಳಗೆ, ಕೆಲವೊಮ್ಮೆ ಮಂಚದ ಮೇಲೆಯೇ, ಮಲಗುತ್ತದೆ. ಆದುದರಿಂದ ಅದರ ಮೈಗೆ ಹತ್ತಿದ ಉಣ್ಣೆ ಮನೆಮಂದಿಗೆಲ್ಲ ಹತ್ತಿದಂತೆಯೇ ಸರಿ. ಔಷಧದ ಅಂಗಡಿಗೆ ಹೋಗಿ ಕೇಳಿದರೆ ಗುಳಿಗೆ, ಬೆನ್ನಿಗೆ ಬಿಡುವ ಹನಿ, ಕೊರಳಪಟ್ಟಿ, ಸಿಂಪಡಿಸುವ ದ್ರವ, ಸಾಬೂನು, ಪುಡಿ ಎಂದು ಹತ್ತು ಬಗೆಗಳನ್ನು ಮುಂದಿಡುತ್ತಾರೆ. ಒಂದರ ಬೆಲೆಗೂ ಇನ್ನೊಂದರ ಬೆಲೆಗೂ ತಾಳಮೇಳವಿರುವುದಿಲ್ಲ. ಇವುಗಳಲ್ಲಿ ಯಾವುದನ್ನು ಆರಿಸಬೇಕು, ಏಕೆ ಆರಿಸಬೇಕು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಮೂರೂ ರಕ್ತ ಹೀರುವ ಜೀವಿಗಳೇ ಆದರೂ ಅವುಗಳ ನಡತೆ ಒಂದೇ ಅಲ್ಲ. ಉಣ್ಣೆ ಕಚ್ಚಿಕೊಂಡು ದಿನಗಟ್ಟಲೆ ಕೂರುತ್ತದೆ. ಚಿಗಟ ಮೈಮೇಲೆಯೇ ಸಂಸಾರ ಹೂಡುತ್ತದೆ. ಸೊಳ್ಳೆ ಬಂದು, ಕುಡಿದು, ಹಾರಿಹೋಗುತ್ತದೆ. ಒಂದಕ್ಕೆ ನಾಟುವ ಮದ್ದು ಇನ್ನೊಂದಕ್ಕೆ ನಾಟಲೇಬೇಕೆಂದಿಲ್ಲ. ಅಂಗಡಿಯವನು "ಇದು ಎಲ್ಲಕ್ಕೂ ಆಗುತ್ತದೆ" ಎಂದರೆ ಡಬ್ಬಿಯನ್ನು ತಿರುಗಿಸಿ ಓದಿ ನೋಡುವುದು ಒಳ್ಳೆಯದು.

ನಮ್ಮ ದೇಶದ ನಗರಗಳಲ್ಲಿ ಮೂರರಲ್ಲಿಯೂ ಹೆಚ್ಚು ಅಪಾಯದ್ದು ಉಣ್ಣೆ. ನಮ್ಮ ನಾಯಿಗಳಿಗೆ ಸಾಮಾನ್ಯವಾಗಿ ಹತ್ತುವುದು ಕಂದುಬಣ್ಣದ ನಾಯಿ ಉಣ್ಣೆ. ಬಹುಮಟ್ಟಿಗೆ ಉಳಿದ ಉಣ್ಣೆಗಳು ಹುಲ್ಲು, ಪೊದೆ, ಕಾಡುಗಳನ್ನು ಆಶ್ರಯಿಸಿದರೆ, ಇದು ಮನುಷ್ಯನ ಮನೆಯೊಳಗೇ ತಲೆಮಾರುಗಟ್ಟಲೆ ಬಾಳಬಲ್ಲದು. ಮೊಟ್ಟೆಯೊಡೆದು ಬಂದ ಆರು ಕಾಲಿನ ಮರಿ ನಾಯಿಯ ರಕ್ತ ಕುಡಿದು ಕೆಳಗೆ ಬೀಳುತ್ತದೆ. ಗೋಡೆಯ ಬಿರುಕಿನಲ್ಲಿಯೋ ಬಾಗಿಲ ಚೌಕಟ್ಟಿನ ಸಂದಿನಲ್ಲಿಯೋ ಅಡಗಿ ಪೊರೆ ಬಿಟ್ಟು ಎಂಟು ಕಾಲಿನದಾಗುತ್ತದೆ. ಮತ್ತೆ ನಾಯಿಯನ್ನು ಹತ್ತಿ, ಕುಡಿದು, ಬಿದ್ದು, ಪೊರೆ ಬಿಟ್ಟು ಪ್ರಾಯಕ್ಕೆ ಬರುತ್ತದೆ. ಮೂರನೆಯ ಸಲ ಹತ್ತಿ, ಹೆಣ್ಣಾದರೆ ಬಟಾಣಿ ಕಾಳಿನಂತೆ ಉಬ್ಬಿ, ಕಳಚಿಕೊಂಡು, ಸಂದಿಯೊಂದನ್ನು ಸೇರಿ, ಸಾವಿರಗಟ್ಟಲೆ ಮೊಟ್ಟೆಯಿಡುತ್ತದೆ. ಪರದೆಯ ಹಿಂದೆ, ಗೋಡೆಗೆ ತೂಗುಹಾಕಿದ ಪಟದ ಹಿಂದೆ ಉಣ್ಣೆ ಸಿಕ್ಕಿತೆಂದು ಕೆಲವರು ಬೆರಗಾಗುವುದುಂಟು. ಬೆರಗಿಗೆ ಕಾರಣವಿಲ್ಲ, ಮೇಲಕ್ಕೆ ಹತ್ತುವುದು ಈ ಜಾತಿಯ ಹುಟ್ಟುಗುಣ. ಆಹಾರವಿಲ್ಲದೆ ಹಲವು ತಿಂಗಳು ಕಾದಿರುವ ಶಕ್ತಿಯೂ ಅದಕ್ಕುಂಟು.

ಇದರಿಂದ ಹೊರಡುವ ಅರ್ಥವೇನೆಂದರೆ, ನಾಯಿಯ ಮೈಮೇಲೆ ಕಾಣುವ ಹತ್ತು ಉಣ್ಣೆಗಳು ಸೈನ್ಯದ ಮುಂಚೂಣಿ ಮಾತ್ರ, ಉಳಿದದ್ದು ಗೋಡೆಯಲ್ಲಿದೆ. ಒಂದು ಸಲ ಔಷಧ ಹಾಕಿ, ಮೈ ಚೊಕ್ಕವಾಯಿತೆಂದು ನಿಲ್ಲಿಸಿದವರ ಮನೆಯಲ್ಲಿ ತಿಂಗಳೊಪ್ಪತ್ತಿನಲ್ಲಿ ಮತ್ತೆ ಉಣ್ಣೆ ಕಾಣಿಸಿಕೊಳ್ಳುತ್ತದೆ. ಆಗ ಮದ್ದಿನ ಮೇಲೆ ತಪ್ಪು ಹೊರಿಸುತ್ತಾರೆ. ನಿಜವಾಗಿ ಆಗಬೇಕಾದದ್ದು, ಗೋಡೆಯಿಂದ ಇಳಿದು ಬರುವ ಪ್ರತಿಯೊಂದು ತಂಡಕ್ಕೂ ನಾಯಿಯ ಮೈಯೇ ಬಲೆಯಾಗುವಂತೆ ಕೆಲವು ತಿಂಗಳು ಎಡೆಬಿಡದೆ ಔಷಧ ನಡೆಸುವುದು. ಮುಂಬಯಿ, ಚೆನ್ನೈಗಳಂಥ ಬೆಚ್ಚನೆಯ ಊರುಗಳಲ್ಲಿ ಉಣ್ಣೆಗೆ ರಜೆಯ ಕಾಲವಿಲ್ಲ. ಅಲ್ಲಿ ವರ್ಷವಿಡೀ ನಡೆಸಬೇಕು.

ಉಣ್ಣೆ ತರುವ ರೋಗಗಳಲ್ಲಿ ಎರಡನ್ನು ಹೆಸರಿಸಬೇಕು: ಎರ್ಲಿಕಿಯಾ ಮತ್ತು ಬೇಬಿಸಿಯಾ. ಎರಡನ್ನೂ ಜನ ಒಟ್ಟಾಗಿ ಉಣ್ಣೆ ಜ್ವರವೆನ್ನುತ್ತಾರೆ. ಮೊದಲನೆಯದರಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳು ಇಳಿದು, ಮೂಗಿನಿಂದ ರಕ್ತ ಬರುವುದು, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆಗಳೇಳುವುದು ಉಂಟು. ಎರಡನೆಯದರಲ್ಲಿ ಕೆಂಪು ರಕ್ತಕಣಗಳೇ ಒಡೆದು, ವಸಡು ಬಿಳಿಚಿ, ಮೂತ್ರ ಕಪ್ಪು ಚಹದ ಬಣ್ಣಕ್ಕೆ ತಿರುಗಬಹುದು. ಅನ್ನಕ್ಕೆ ಓಡಿಬರುತ್ತಿದ್ದ ನಾಯಿ ಒಂದು ದಿನ ತಟ್ಟೆಯತ್ತ ಮುಖ ಮಾಡದೆ ಮೂಲೆ ಸೇರಿದರೆ "ಬಿಸಿಲಿಗೆ ಹೀಗಾಗಿರಬೇಕು" ಎಂದು ಕಾಯಬಾರದು. ಅಂದೇ ವಸಡಿನ ಬಣ್ಣ ನೋಡಿ ಪಶುವೈದ್ಯರಲ್ಲಿಗೆ ಒಯ್ಯಬೇಕು, ರಕ್ತಪರೀಕ್ಷೆ ಮಾಡಿಸಬೇಕು. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಸಾಮಾನ್ಯವಾಗಿ ನಾಲ್ಕು ವಾರ ನಡೆಯಬೇಕು. ನಾಲ್ಕು ದಿನದಲ್ಲಿ ನಾಯಿ ಗೆಲುವಾಯಿತೆಂದು ಬಿಟ್ಟುಬಿಡುವುದು ರೋಗವನ್ನು ಒಳಗೇ ಉಳಿಸಿಕೊಂಡಂತೆ.

ಚಿಗಟದ ವಿಷಯ ಇಷ್ಟು ಗಂಭೀರವಲ್ಲ, ಆದರೆ ಪೀಡೆ ಹೆಚ್ಚು. ಅದರ ಮೊಟ್ಟೆ ನಾಯಿಯ ಕೂದಲಿನಿಂದ ಉದುರಿ ಚಾಪೆ, ಜಮಖಾನೆಗಳಲ್ಲಿ ಸೇರುತ್ತದೆ. ಕೋಶದೊಳಗಿನ ಚಿಗಟಕ್ಕೆ ಔಷಧ ತಾಕುವುದಿಲ್ಲ. ರಜೆಗೆ ಊರಿಗೆ ಹೋಗಿ ಬೀಗ ತೆಗೆದ ಮನೆಯಲ್ಲಿ ಕಾಲಿಟ್ಟೊಡನೆ ಚಿಗಟಗಳು ಮುತ್ತುವುದು ಇದರಿಂದಲೇ. ನಡಿಗೆಯ ಅದುರು, ಮೈಯ ಬಿಸಿ ತಾಕಿದ ಕೂಡಲೆ ಕೋಶ ಬಿಟ್ಟು ಹೊರಬೀಳುತ್ತವೆ. ಚಿಗಟವನ್ನು ನುಂಗಿದ ನಾಯಿಗೆ ಲಾಡಿಹುಳುವೂ ಆಗುತ್ತದೆ.

ಇನ್ನು ಮದ್ದುಗಳ ವಿಚಾರ. ೨೦೧೩-೧೪ರಿಂದ ಹೊಸ ಬಗೆಯ ಗುಳಿಗೆಗಳು ಬಳಕೆಗೆ ಬಂದಿವೆ: ಅಫಾಕ್ಸೊಲನರ್ ಇರುವ ನೆಕ್ಸ್‌ಗಾರ್ಡ್, ಫ್ಲುರಲನರ್ ಇರುವ ಬ್ರಾವೆಕ್ಟೊ, ಅವುಗಳ ಹಿಂದೆಯೇ ಬಂದ ಸರೊಲನರ್ ಇರುವ ಸಿಂಪಾರಿಕಾ. ಬ್ರಾವೆಕ್ಟೊ ಸುಮಾರು ಮೂರು ತಿಂಗಳಿಗೊಮ್ಮೆ, ಉಳಿದೆರಡು ತಿಂಗಳಿಗೊಮ್ಮೆ. ಔಷಧ ರಕ್ತದಲ್ಲಿರುತ್ತದೆ, ಕಚ್ಚಿದ ಉಣ್ಣೆ, ಚಿಗಟಗಳು ಅದನ್ನು ಹೀರಿ ಸಾಯುತ್ತವೆ. ಸ್ನಾನದಿಂದ ತೊಳೆದುಹೋಗುವುದಿಲ್ಲ, ಮಕ್ಕಳ ಕೈಗೆ ಹತ್ತುವುದಿಲ್ಲ. ದೊಡ್ಡ ನಾಯಿಯ ದಟ್ಟ ಕೂದಲನ್ನು ಬಿಡಿಸಿ ಬುಡಕ್ಕೆ ಮದ್ದು ಮುಟ್ಟಿಸುವ ಕಷ್ಟವೂ ಇಲ್ಲ. ಮಹಡಿಯ ಮನೆಯ ದೊಡ್ಡ ನಾಯಿಗೆ, ನನ್ನ ಅಭಿಪ್ರಾಯದಲ್ಲಿ, ಮೊದಲ ಸ್ಥಾನ ಇವುಗಳಿಗೇ ಸಲ್ಲಬೇಕು. ಆದರೆ ಇವುಗಳ ಮಿತಿಯನ್ನೂ ಹೇಳಬೇಕು. ಕಚ್ಚಿದ ಮೇಲೆಯೇ ಇವು ಕೊಲ್ಲುವುದು. ಎರ್ಲಿಕಿಯಾ ಕೆಲವೇ ತಾಸುಗಳಲ್ಲಿ ನಾಯಿಯ ಮೈ ಸೇರಬಲ್ಲದಾದ್ದರಿಂದ ಗುಳಿಗೆ ನುಂಗಿದ ನಾಯಿಗೆ ಜ್ವರ ಬರಲಾರದೆಂದು ಯಾರೂ ಹೇಳಲಾರರು. ಸೊಳ್ಳೆಯನ್ನು ಇವು ಓಡಿಸುವುದಿಲ್ಲ. ಸೆಳವು ಬರುವ ನಾಯಿಗೆ ವೈದ್ಯರನ್ನು ಕೇಳದೆ ಕೊಡಲೇಬಾರದು. ಈ ವರ್ಗದ ಗುಳಿಗೆಗಳಿಂದ ನಡುಕ, ಸೆಳವು ಬರಬಹುದೆಂದು ಅಮೆರಿಕದ ಔಷಧ ನಿಯಂತ್ರಕರು ೨೦೧೮ರಲ್ಲಿಯೇ ಎಚ್ಚರಿಸಿದ್ದಾರೆ.

ಬೆನ್ನಿಗೆ ಬಿಡುವ ಹನಿಗಳಲ್ಲಿ ಎರಡು ಬಗೆಗಳನ್ನು ಬೇರೆಯಾಗಿ ತಿಳಿಯಬೇಕು. ಫಿಪ್ರೊನಿಲ್ ಉಣ್ಣೆ, ಚಿಗಟಗಳಿಗೆ ಮಾತ್ರ. ಪರ್ಮೆತ್ರಿನ್ ಸೇರಿದ ಹನಿ ಇವೆರಡರ ಜೊತೆಗೆ ಸೊಳ್ಳೆಯನ್ನೂ ದೂರವಿಡುತ್ತದೆ. ಸೊಳ್ಳೆ ಹೆಚ್ಚಿರುವ ಕಡೆ ಇದರ ಬೆಲೆ ಇಲ್ಲಿಯೇ. ದೊಡ್ಡ ನಾಯಿಗೆ ಒಂದೇ ಕಡೆ ಸುರಿಯದೆ ಹೆಗಲಿನಿಂದ ಬಾಲದ ಬುಡದವರೆಗೆ ಮೂರು ನಾಲ್ಕು ಕಡೆ ಕೂದಲು ಸೀಳಿ ಚರ್ಮಕ್ಕೆ ಬಿಡಬೇಕು, ಹಿಂದುಮುಂದಿನ ಎರಡು ದಿನ ಸ್ನಾನ ಮಾಡಿಸಬಾರದು. ಮುಂಬಯಿಯ ಮಳೆಗಾಲದಲ್ಲಿ ದಿನವೂ ನೆನೆದು ಬರುವ ನಾಯಿಗೆ ಇದು ಹೇಳಿದಷ್ಟು ದಿನ ಬಾಳುವ ನೆಚ್ಚಿಕೆಯಿಲ್ಲ. ಮನೆಯಲ್ಲಿ ಬೆಕ್ಕಿದ್ದರೆ ಪರ್ಮೆತ್ರಿನ್ ಬೇಡವೇ ಬೇಡ. ನಾಯಿಗೆ ಮದ್ದಾದದ್ದು ಬೆಕ್ಕಿಗೆ ವಿಷ; ನಾಯಿಯ ಮಗ್ಗುಲಲ್ಲಿ ಮಲಗಿ ಅದರ ಮೈ ನೆಕ್ಕಿದ ಬೆಕ್ಕು ಸಾಯಬಹುದು. ಮೀನಿನ ತೊಟ್ಟಿಗೂ ಇದು ಆಗದು.

ಫಿಪ್ರೊನಿಲ್ ಸಿಂಪಡಿಸುವ ದ್ರವವೂ ಸಿಗುತ್ತದೆ. ಅದರ ಲೆಕ್ಕ ಕಿಲೋ ತೂಕಕ್ಕೆ ೩ರಿಂದ ೬ ಮಿಲಿಲೀಟರು. ೩೫ ಕಿಲೋ ನಾಯಿಗೆ ಕಡಮೆಯೆಂದರೂ ನೂರು ಮಿಲಿಲೀಟರಿನ ಸೀಸೆ ಒಂದು ಸಲಕ್ಕೆ ಸಾಲದು. ಅಗ್ಗವೆಂದು ತಂದು, ಉಳಿಸಿ ಉಳಿಸಿ ನಾಲ್ಕು ಸಲ ಸಿಂಪಡಿಸಿದವರಿಗೆ ಫಲ ಕಾಣದಿದ್ದರೆ ಆಶ್ಚರ್ಯವಿಲ್ಲ.

ಕೊರಳಪಟ್ಟಿಯಲ್ಲಿ ದೊಡ್ಡ ನಾಯಿಯ ಅಳತೆಯದನ್ನೇ ಕೊಳ್ಳಬೇಕು. ಪಟ್ಟಿ ಮತ್ತು ಕತ್ತಿನ ನಡುವೆ ಎರಡು ಬೆರಳು ಹಿಡಿಸುವಷ್ಟು ಸಡಿಲ ಸಾಕು. ತೀರ ಸಡಿಲವಾದರೆ ಚರ್ಮಕ್ಕೆ ತಾಗದೆ ಅಲಂಕಾರಕ್ಕಷ್ಟೇ ಆಗುತ್ತದೆ. ಇಮಿಡಾಕ್ಲೊಪ್ರಿಡ್, ಫ್ಲುಮೆತ್ರಿನ್ ಕೂಡಿದ ಪಟ್ಟಿ ಹಲವು ತಿಂಗಳು ಕೆಲಸ ಮಾಡುತ್ತದೆ. ಸಣ್ಣ ಮಕ್ಕಳು ನಾಯಿಯ ಕೊರಳನ್ನಪ್ಪಿ ಮಲಗುವ ಮನೆಗೆ ಪಟ್ಟಿಯನ್ನು ನಾನು ಹೇಳಲಾರೆ. ಉಣ್ಣೆ ಸಾಬೂನು ಆ ಹೊತ್ತಿನ ಉಣ್ಣೆಯನ್ನು ಕೊಲ್ಲಬಹುದು. ಮರುದಿನದ್ದಕ್ಕೆ ಅದು ಹೊಣೆಯಲ್ಲ.

ಆರಿಸುವಾಗ ಎಲ್ಲಕ್ಕಿಂತ ಮುಖ್ಯ ತೂಕ. ದೊಡ್ಡ ನಾಯಿಯ ಒಡೆಯರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಬ್ರಾವೆಕ್ಟೊ, ಸಿಂಪಾರಿಕಾಗಳಲ್ಲಿ ೨೦ರಿಂದ ೪೦ ಕಿಲೋವರೆಗೆ ಒಂದು ಡಬ್ಬಿ, ೪೦ ದಾಟಿದರೆ ಬೇರೆ ಡಬ್ಬಿ. ನೆಕ್ಸ್‌ಗಾರ್ಡ್‌ನಲ್ಲಿ ೨೫ರಿಂದ ೫೦ರವರೆಗೆ ಒಂದೇ. ಹೀಗಿರುವಾಗ ೪೨ ಕಿಲೋ ನಾಯಿಗೆ "ನಲವತ್ತರ ಹತ್ತಿರ" ಎಂದು ಹೇಳಿ ತಂದರೆ ಅರೆಮದ್ದಾಗುತ್ತದೆ. ಮೇಲಿನ ಮಿತಿಯನ್ನೂ ಮೀರಿದ ಗ್ರೇಟ್ ಡೇನ್, ಸೇಂಟ್ ಬರ್ನಾರ್ಡ್‌ಗಳಿಗೆ ಎರಡು ಗುಳಿಗೆ ಕೂಡಿಸುವ ಲೆಕ್ಕವನ್ನು ವೈದ್ಯರಿಂದಲೇ ಮಾಡಿಸಬೇಕು. ಕಣ್ಣಂದಾಜು ನಂಬತಕ್ಕದ್ದಲ್ಲ. ನಮ್ಮ ಮುಧೋಳ ನಾಯಿಯನ್ನೇ ನೋಡಿ: ಎತ್ತರದಲ್ಲಿ ಲ್ಯಾಬ್ರಡಾರನ್ನು ಮೀರಿಸುತ್ತದೆ, ತೂಕದಲ್ಲಿ ಅದಕ್ಕಿಂತ ಕಡಮೆ. ಇಷ್ಟು ದೊಡ್ಡ ಪ್ರಾಣಿಯನ್ನು ಎತ್ತಿಕೊಂಡು ಮನೆಯ ತೂಕದ ಯಂತ್ರದ ಮೇಲೆ ನಿಲ್ಲುವುದು ಸಾಧ್ಯವಿಲ್ಲವಾದರೆ, ಪಶುವೈದ್ಯರಲ್ಲಿರುವ ಹಲಗೆ ತಕ್ಕಡಿಯಾಗಲಿ, ರದ್ದಿ ಕೊಳ್ಳುವವನ ತಕ್ಕಡಿಯಾಗಲಿ ಸಾಕು. ದೊಡ್ಡ ಗುಳಿಗೆಯೊಂದನ್ನು ಕತ್ತರಿಸಿ ಎರಡು ನಾಯಿಗಳಿಗೆ ಹಂಚುವ ಜಾಣತನವೂ ಕೆಲವೆಡೆ ಉಂಟು. ಅದನ್ನು ಮಾಡಬಾರದು. ಖರ್ಚಿನ ಹೋಲಿಕೆ ಬೇಕಿದ್ದರೆ ಮೂರು ತಿಂಗಳ ಗುಳಿಗೆಯ ಬೆಲೆಯನ್ನು ಮೂರರಿಂದ ಭಾಗಿಸಿ ನೋಡಬಹುದು. ಡಬ್ಬಿಯ ಮೇಲಿನ ಬೆಲೆ ಕಂಡು ಹೆದರಿದವರು ಆಗ ಸ್ವಲ್ಪ ಸಮಾಧಾನಪಡುವುದುಂಟು.

ಅಗ್ಗದ ದಾರಿಯೆಂದು ದನಗಳ ಔಷಧ ತರುವವರಿದ್ದಾರೆ. ಅಮಿಟ್ರಾಜ್ ಅನ್ನು ವೈದ್ಯರು ಹೇಳಿದ ಪ್ರಮಾಣಕ್ಕೆ ನೀರು ಬೆರೆಸದೆ ಹಚ್ಚಿದರೆ, ನಾಯಿ ನೆಕ್ಕಿಕೊಂಡರೆ, ಮಂಪರು ಕವಿದು ಎದೆಬಡಿತ ಇಳಿಯುತ್ತದೆ, ರಕ್ತದ ಸಕ್ಕರೆ ಏರುತ್ತದೆ. ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಕೂಡ ಕೈಗೆ ಬಂದಂತೆ ಹಾಕಿಸುವುದನ್ನು ಕೇಳುತ್ತೇವೆ. ಕೋಲಿ ಜಾತಿಯ ನಾಯಿಗಳಲ್ಲಿ ಬಹಳಷ್ಟಕ್ಕೆ, ಜರ್ಮನ್ ಶೆಫರ್ಡ್‌ಗಳಲ್ಲಿ ಕೆಲವಕ್ಕೆ, ಹುಟ್ಟಿನಿಂದಲೇ ಇರುವ ಒಂದು ಕೊರತೆಯಿಂದ ಅದು ಮಿದುಳಿಗೆ ನುಗ್ಗಿ ಪ್ರಾಣಕ್ಕೆ ತರುತ್ತದೆ. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ, ಬೆಳ್ಳುಳ್ಳಿ ರಕ್ತಕಣಗಳನ್ನು ಕೆಡಿಸುತ್ತದೆ, ಕರ್ಪೂರ ವಿಷ. ನಾವು ಹಚ್ಚಿಕೊಳ್ಳುವ ಸೊಳ್ಳೆ ಮುಲಾಮನ್ನೂ ನಾಯಿಗೆ ಹಚ್ಚಬಾರದು.

ಸೊಳ್ಳೆಯಿಂದ ನಾಯಿಗೆ ಬರುವ ದೊಡ್ಡ ತೊಂದರೆ ಹೃದಯದ ಹುಳು. ಬೆಳೆದ ಹುಳು ಗೇಣುದ್ದವನ್ನೂ ಮೀರಿ, ಹೃದಯ, ಶ್ವಾಸಕೋಶಗಳ ರಕ್ತನಾಳಗಳಲ್ಲಿ ತುಂಬಿಕೊಳ್ಳುತ್ತದೆ. ನಮ್ಮಲ್ಲಿ ಇದು ಈಶಾನ್ಯ ಭಾಗದಲ್ಲಿ ಕಾಣಬರುತ್ತದೆ; ಕೇರಳದ ಕಡೆ ಇದರ ದಾಯಾದಿಯಾದ, ಚರ್ಮದ ಕೆಳಗೆ ಬದುಕುವ ಹುಳು ಹೆಚ್ಚು. ಸೊಳ್ಳೆಯನ್ನು ಎಷ್ಟು ಓಡಿಸಿದರೂ ಒಂದೆರಡು ಕಚ್ಚಿಯೇ ಕಚ್ಚುತ್ತವಾದ್ದರಿಂದ, ಇಂಥ ಊರುಗಳಲ್ಲಿರುವವರು ಮರಿಹುಳುಗಳನ್ನು ಕೊಲ್ಲುವ ಮಿಲ್ಬೆಮೈಸಿನ್‌ನಂಥ ಮದ್ದನ್ನು ತಿಂಗಳಿಗೊಮ್ಮೆ ಕೊಡಬೇಕು. ಬೆಳೆದ ನಾಯಿಗೆ ಅದನ್ನು ಆರಂಭಿಸುವ ಮುನ್ನ ರಕ್ತಪರೀಕ್ಷೆ ಆಗಬೇಕು. ಉಣ್ಣೆಯ ಗುಳಿಗೆ ಕೊಡುತ್ತಿದ್ದೇವೆ, ಹುಳುವಿನ ಭಯವಿಲ್ಲ ಎಂದು ತಿಳಿಯುವುದು ಸರಿಯಲ್ಲ.

ನಾಯಿಗೆ ಮದ್ದು ನಡೆಯುತ್ತಿರುವಾಗ ಮನೆಯ ಕೆಲಸವೂ ಆಗಬೇಕು. ಗೋಡೆಯ ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿಸುವುದು, ನಾಯಿಯ ಹಾಸಿಗೆಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆಯುವುದು, ಮಂಚದಡಿಯ ಧೂಳನ್ನು ಯಂತ್ರದಿಂದ ಹೀರಿಸುವುದು. ಮನೆಯೊಳಗೆ ಕೀಟನಾಶಕ ಹೊಡೆಸಿದರೆ ಒಣಗುವವರೆಗೆ ಮಕ್ಕಳೂ ನಾಯಿಯೂ ಹೊರಗಿರಬೇಕು. ಕಟ್ಟಡದ ಆವರಣದಲ್ಲಿ ಮಲಗುವ ಬೀದಿನಾಯಿಗಳನ್ನು ಮರೆತರೆ ಇಷ್ಟೆಲ್ಲ ಮಾಡಿದ್ದೂ ಅರ್ಧವೇ ಆದೀತು. ನಿವಾಸಿಗಳು ನಾಲ್ಕು ಜನ ಕೂಡಿ ಅವಕ್ಕೂ ಗುಳಿಗೆ ಹಾಕಿಸಿದರೆ ಎಲ್ಲರಿಗೂ ಲಾಭ.

ಬೇಸಗೆಯ ರಜೆಗೆ ನಾಯಿಯೊಡನೆ ಮಲೆನಾಡಿಗೆ ಹೋಗುವವರಿಗೆ ಇನ್ನೊಂದು ಮಾತು. ಅಲ್ಲಿಯ ಕಾಡಿನ ಉಣ್ಣೆ, ನಮ್ಮವರ ಬಾಯಲ್ಲಿ ಉಣುಗು, ಬೇರೆ ಜಾತಿಯದು. ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರೂ ಜ್ವರದಿಂದ ಮಲಗಿದಾಗ, ಅದಕ್ಕೆ ಕಾರಣವಾದ ವೈರಸನ್ನು ಗುರುತಿಸಿದವರು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು. ಮಂಗನ ಕಾಯಿಲೆಯೆಂದು ಹೆಸರಾದ ಆ ರೋಗವನ್ನು ಮನುಷ್ಯರಿಗೆ ಅಂಟಿಸುವುದು ಈ ಉಣುಗೇ. ಅದರ ಕಾಲ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಆಗ ನಾಯಿಯನ್ನು ಕಾಡಿನಂಚಿಗೆ ಬಿಡದೆ ಸರಪಳಿಯಲ್ಲಿ ಹಿಡಿದುಕೊಳ್ಳಬೇಕು. ಹಿಡಿದವರೂ ಮೈತುಂಬ ಬಟ್ಟೆ ತೊಟ್ಟಿರಬೇಕು.

ಎಲ್ಲಿಯೇ ಸುತ್ತಾಡಿ ಬಂದರೂ ಕಿವಿಯ ಒಳಬದಿ, ಕಾಲ್ಬೆರಳುಗಳ ನಡುವೆ, ಕಂಕುಳು, ಬಾಲದ ಕೆಳಗೆ ಕೈಯಾಡಿಸಿ ನೋಡುವುದಕ್ಕೆ ಐದು ನಿಮಿಷ ಸಾಕು. ಉಣ್ಣೆ ಸಿಕ್ಕಿದರೆ ಚಿಮುಟದಿಂದ ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು ನೇರವಾಗಿ ಎಳೆಯಬೇಕು. ಬೆಂಕಿಕಡ್ಡಿ ತಾಗಿಸುವುದು, ಎಣ್ಣೆ ಸುರಿಯುವುದು ಬೇಡ. ಕಿತ್ತದ್ದನ್ನು ಉಗುರಿನಲ್ಲಿ ಒಡೆಯದೆ ಸ್ಪಿರಿಟಿನ ಸೀಸೆಗೆ ಹಾಕಿ, ಕೈಯನ್ನು ಸಾಬೂನಿನಿಂದ ತೊಳೆಯತಕ್ಕದ್ದು.