ಗೊಬ್ಬರದ ಲವಣಗಳೂ ಭೂಮಿಯ ಹುಳಿಯೂ: ಅಳತೆಯ ಲೆಕ್ಕ

ಹಲಸೂರಿನಿಂದ ಕೃಷ್ಣರಾಜಪುರದ ಕಡೆಗೆ ಹರಡಿರುವ ಭೂಮಿಯು ಬಹುಮಟ್ಟಿಗೆ ಕೆಂಪು ಮಣ್ಣಿನದು. ಈ ಭಾಗದಲ್ಲಿ ಮನೆಗಳೇಳದೆ ಉಳಿದಿರುವ ಹೊಲತೋಟಗಳ ರೈತರು ರಾಗಿ, ಅವರೆ, ಸೊಪ್ಪುಗಳಿಗಾಗಿ ಕೊಳ್ಳುವ ಗೊಬ್ಬರದ ಮೂಟೆಗಳಲ್ಲಿ ಅನೇಕವು ಲವಣಗಳೇ ಆಗಿವೆ. ಲವಣವೆಂಬುದು ಹುಳಿಯೂ ಅಲ್ಲ, ಕ್ಷಾರವೂ ಅಲ್ಲವೆಂಬ ನಂಬಿಕೆಯುಂಟು. ಅಡುಗೆಯ ಉಪ್ಪಿನ ಮಟ್ಟಿಗೆ ಇದು ನಿಜ. ಎಲ್ಲ ಲವಣಗಳ ಮಟ್ಟಿಗೆ ನಿಜವಲ್ಲ.

ಹುಳಿ ಕ್ಷಾರಗಳನ್ನು ಅಳೆಯಲು ಡೆನ್ಮಾರ್ಕ್ ದೇಶದ ಸೋರೆನ್ಸೆನ್ ಎಂಬ ವಿದ್ವಾಂಸರು ೧೯೦೯ರಲ್ಲಿ ಪಿ.ಹೆಚ್. ಎಂಬ ಮಾನವನ್ನು ಏರ್ಪಡಿಸಿದರು. ೭ ಎಂಬುದು ಸಮಸ್ಥಿತಿ. ಅದಕ್ಕಿಂತ ಕಡಿಮೆಯಾದರೆ ಹುಳಿ, ಹೆಚ್ಚಾದರೆ ಕ್ಷಾರ. ಒಂದಂಕಿ ಇಳಿದರೆ ಹುಳಿಯು ಹತ್ತು ಪಟ್ಟಾಗುವುದೆಂಬುದನ್ನು ಮುಖ್ಯವಾಗಿ ನೆನಪಿಡತಕ್ಕದ್ದು. ೫ ಅಂಕಿಯ ಹೊಲವು ೭ ಅಂಕಿಯ ಹೊಲಕ್ಕಿಂತ ನೂರು ಪಟ್ಟು ಹುಳಿ.

ಪ್ರತಿಯೊಂದು ಲವಣವೂ ಒಂದು ಆಮ್ಲ ಮತ್ತು ಒಂದು ಕ್ಷಾರದ ಸಂತಾನ. ಇವರಲ್ಲಿ ಬಲಿಷ್ಠರಾದವರ ಗುಣವೇ ಲವಣಕ್ಕೆ ಬರುವುದು. ಅಡುಗೆ ಉಪ್ಪಿನ ತಾಯಿತಂದೆಗಳಿಬ್ಬರೂ ಸಮಬಲರು. ಮಡಿವಾಳರ ಸೋಡಾದಲ್ಲಿ ಕ್ಷಾರವು ಬಲಿಷ್ಠ, ಆಮ್ಲವು ದುರ್ಬಲ. ಪಾತ್ರೆ ತಿಕ್ಕುವ ಒಲೆಯ ಬೂದಿಯೂ ಇದೇ ಜಾತಿ. ಅಮೋನಿಯಂ ಸಲ್ಫೇಟಿನಲ್ಲಿ ಇದಕ್ಕೆ ವಿರುದ್ಧವಾಗಿ ಗಂಧಕಾಮ್ಲವು ಬಲಿಷ್ಠ, ಅಮೋನಿಯವು ದುರ್ಬಲ. ಆದುದರಿಂದ ಅದರ ದ್ರಾವಣ ಹುಳಿಯಾಗಿರುತ್ತದೆ.

ಎಷ್ಟು ಹುಳಿ? ಒಂದು ಲೀಟರ್ ನೀರಿನಲ್ಲಿ ೬.೬ ಗ್ರಾಂ ಅಮೋನಿಯಂ ಸಲ್ಫೇಟ್ ಕರಗಿಸಿದೆವೆನ್ನೋಣ. ಅಮೋನಿಯಂ ಅಂಶದ ಬಲವನ್ನು ತೋರಿಸುವ ಅಂಕಿ ೯.೨೫. ಈ ತೆಳುವಿನ ದ್ರಾವಣಕ್ಕೆ ಅದರೊಡನೆ ೧ ಕೂಡಿಸಿ ಅರ್ಧ ಮಾಡಿದರೆ ೫.೧ ಬರುವುದು. ಗಂಧಕಾಮ್ಲದ ಭಾಗವು ಸ್ವಲ್ಪ ಹುಳಿಯನ್ನು ಹಿಡಿದಿಟ್ಟುಕೊಳ್ಳುವ ಕಾರಣ ನಿಜವಾದ ಅಂಕಿ ೫.೫ರ ಸುಮಾರಿನಲ್ಲಿರುತ್ತದೆ.

ಇಷ್ಟು ಅಲ್ಪ ಹುಳಿಗೆ ಅಂಜಬೇಕೆ ಎಂದು ಕೇಳಬಹುದು. ನೀರಿನಲ್ಲಿ ತೋರುವ ಹುಳಿ ನಿಜವಾಗಿಯೂ ಅಲ್ಪವೇ. ಹಾನಿಯುಂಟಾಗುವುದು ಅನಂತರ, ಮಣ್ಣಿನ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸುವಾಗ. ನೂರು ಕಿಲೋಗ್ರಾಂ ಅಮೋನಿಯಂ ಸಲ್ಫೇಟಿನಿಂದ ಹುಟ್ಟುವ ಹುಳಿಯನ್ನು ಕಳೆಯಲು ಸುಮಾರು ೧೧೦ ಕಿಲೋಗ್ರಾಂ ಸುಣ್ಣಕಲ್ಲಿನ ಪುಡಿ ಬೇಕು. ವರ್ಷವರ್ಷವೂ ಇದನ್ನೇ ಹಾಕಿ ಸುಣ್ಣವನ್ನು ಮರೆತ ಕೆಂಪು ಹೊಲದಲ್ಲಿ ರಂಜಕವು ಕಬ್ಬಿಣ, ಅಲ್ಯೂಮಿನಿಯಂಗಳೊಡನೆ ಸೇರಿ ಪೈರಿಗೆ ಸಿಕ್ಕದೆ ಹೋಗುವುದು.

ಇನ್ನು ಬಫರಿನ ವಿಷಯ. ದುರ್ಬಲ ಆಮ್ಲವೂ ಅದರ ಲವಣವೂ ಒಟ್ಟಿಗಿದ್ದರೆ ಆ ದ್ರಾವಣವು ಹೊರಗಿನ ಹುಳಿಗೂ ಕ್ಷಾರಕ್ಕೂ ಬೇಗನೆ ಮಣಿಯುವುದಿಲ್ಲ. ಇದಕ್ಕೆ ಬಫರ್ ಎಂದು ಹೆಸರು. ಬಾವಿಯ ನೀರೂ ಚರಂಡಿಯ ನೀರೂ ಸಾಮಾನ್ಯವಾಗಿ ಇಂತಹವೇ. ಇವುಗಳಲ್ಲಿ ಇಂಗಾಲಾಮ್ಲವೂ ಅದರ ಲವಣವಾದ ಬೈಕಾರ್ಬೊನೇಟೂ ಕೂಡಿರುತ್ತವೆ. ಲೆಕ್ಕವು ಸುಲಭ. ಇಂಗಾಲಾಮ್ಲದ ಅಂಕಿ ೬.೩೫. ಲವಣವು ಆಮ್ಲದ ಹತ್ತು ಪಟ್ಟಿದ್ದರೆ ೧ ಕೂಡಿಸಬೇಕು, ೭.೩೫ ಆಗುವುದು, ನೂರು ಪಟ್ಟಿದ್ದರೆ ೨ ಕೂಡಿಸಬೇಕು, ೮.೩೫ ಆಗುವುದು.

೨೦೧೫ರಲ್ಲಿ ಬೆಳ್ಳಂದೂರು, ವರ್ತೂರು ಕೆರೆಗಳ ನೊರೆ ರಸ್ತೆಗೆ ಹಾರಿ ಬಂದುದನ್ನು ಅನೇಕರು ಬಲ್ಲರು. ಆ ಕೆಳಗಿನ ಬಯಲಿನಲ್ಲಿ ಇಂತಹ ನೀರಿನಿಂದಲೇ ಭತ್ತ, ಸೊಪ್ಪುಗಳನ್ನು ಬೆಳೆದವರುಂಟು. ನೊರೆಯನ್ನು ನೋಡಿ ಪಿ.ಹೆಚ್. ಹೇಳಲಾಗದು. ಸೀಸೆಯಲ್ಲಿ ತಂದ ನೀರು ೭.೩೫ ತೋರಿಸಿತೆಂದು ನಿಶ್ಚಿಂತರಾಗಿರುವುದೂ ಸರಿಯಲ್ಲ. ನೀರು ಹೊಲದಲ್ಲಿ ತೆಳ್ಳಗೆ ಹರಡಿದೊಡನೆ ಇಂಗಾಲಾಮ್ಲವು ಗಾಳಿಗೆ ಹೋಗುವುದು, ಲವಣವು ಉಳಿಯುವುದು. ಹತ್ತು ಪಟ್ಟಿದ್ದುದು ನೂರು ಪಟ್ಟಾಗಿ ಅಂಕಿಯು ಏರುವುದು. ಸುಣ್ಣದಂಶವು ಗಟ್ಟಿಯಾಗಿ ಬೇರ್ಪಟ್ಟು ಸೋಡಿಯಂ ಮಾತ್ರ ಮಣ್ಣಿಗಂಟಿಕೊಂಡರೆ ಭೂಮಿಯು ಚೌಳಾಗಿ, ಒಣಗಿದಾಗ ಹಲಗೆಯಂತೆ ಬಿಗಿಯುವುದು. ಮಣ್ಣು ೮.೫ನ್ನು ಮೀರಿದ್ದರೆ ಸೋಡಾ ಸೇರಿದೆಯೆಂದು ಶಂಕಿಸಬೇಕು. ಅಂತಹ ಕಡೆ ಸುಣ್ಣ ಹಾಕುವುದು ವ್ಯರ್ಥ. ಜಿಪ್ಸಂ ಹಾಕಿ, ಒಳ್ಳೆಯ ನೀರಿನಿಂದ ತೊಳೆದು, ಬಸಿಗಾಲುವೆ ತೆಗೆಯಬೇಕು.

ಮಣ್ಣೂ ಒಂದು ಬಫರೇ. ಜೇಡಿಯೂ ಕೊಳೆತ ಗೊಬ್ಬರವೂ ಹುಳಿಯನ್ನು ತಮ್ಮಲ್ಲಿ ಅಡಗಿಸಿಟ್ಟುಕೊಂಡಿರುತ್ತವೆ. ಆದುದರಿಂದ ದಿಣ್ಣೆಯ ಮರಳು ಮಣ್ಣೂ ತಗ್ಗಿನ ಜೇಡಿಯೂ ಎರಡೂ ೫.೫ ತೋರಿಸಿದರೂ ಜೇಡಿಗೆ ಬಹಳ ಹೆಚ್ಚು ಸುಣ್ಣ ಬೇಕಾಗುವುದು. ನೆರೆಯವನ ಹೊಲದ ಪ್ರಮಾಣವನ್ನು ತನ್ನ ಹೊಲಕ್ಕೆ ಹಾಕಿ ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ಪರೀಕ್ಷಾಲಯದಲ್ಲಿ ಮಣ್ಣನ್ನು ೭.೫ ಅಂಕಿಯ ಬಫರ್ ದ್ರಾವಣದೊಡನೆ ಕಲಕಿ, ಅಂಕಿಯು ಎಷ್ಟು ಇಳಿಯಿತೆಂದು ನೋಡಿ ಎಕರೆಗೆ ಬೇಕಾದ ಸುಣ್ಣವನ್ನು ನಿರ್ಧರಿಸುವ ಕ್ರಮವುಂಟು. ಮಣ್ಣು ಕಳುಹಿಸುವಾಗ ಬರಿಯ ಪಿ.ಹೆಚ್. ಅಲ್ಲದೆ ಸುಣ್ಣದ ಅಗತ್ಯವನ್ನೂ ತಿಳಿಸಬೇಕೆಂದು ಬರೆದು ಕೇಳತಕ್ಕದ್ದು.

ಮಾದರಿಯನ್ನು ಗೊಬ್ಬರ ಹಾಕುವುದಕ್ಕೆ ಮುಂಚೆ, ಹೊಲದ ಹತ್ತಾರು ಕಡೆಗಳಲ್ಲಿ ಅರ್ಧ ಅಡಿ ಆಳದವರೆಗೆ ತೆಗೆದು, ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋಗ್ರಾಂ ಮಾತ್ರ ಬಟ್ಟೆಯ ಚೀಲದಲ್ಲಿ ಕಳುಹಿಸಬೇಕು. ತಿಪ್ಪೆಯ ಪಕ್ಕ, ಬದುವಿನ ಮಗ್ಗುಲು, ಮರದ ಬುಡಗಳ ಮಣ್ಣು ಕೂಡದು. ದಿಣ್ಣೆಗೂ ತಗ್ಗಿಗೂ ಬೇರೆ ಬೇರೆ ಚೀಲವಿರಲಿ. ಗೊಬ್ಬರ ತುಂಬಿದ್ದ ಹಳೆಯ ಚೀಲವನ್ನು ಇದಕ್ಕೆ ಉಪಯೋಗಿಸಬಾರದು.